ಮನೆಗೆ ತಾಗಿದ ಮರ: ಕೊಡಲಿಗಿಂತ ಮೊದಲು ಟೇಪು ಹಿಡಿಯಿರಿ

ಮಾನ್ಯ ಸಂಪಾದಕರೇ,

ಏಪ್ರಿಲ್-ಮೇ ತಿಂಗಳಲ್ಲಿ ಒಂದು ಗಾಳಿಮಳೆ ಬಂತೆಂದರೆ ಮರುದಿನ ಪತ್ರಿಕೆಯಲ್ಲಿ ಉರುಳಿದ ಮರದ ಚಿತ್ರ ಬರುತ್ತದೆ. ಅದರ ಬೆನ್ನಿಗೇ ಓದುಗರ ಅಂಕಣದಲ್ಲಿ ಎರಡು ಬಗೆಯ ಪತ್ರಗಳು: ಮನೆ ಪಕ್ಕದ ದೊಡ್ಡ ಮರಗಳನ್ನೆಲ್ಲ ತೆಗೆಸಿ ಎನ್ನುವವು ಕೆಲವು, ಒಂದು ರೆಂಬೆಯನ್ನೂ ಮುಟ್ಟಬೇಡಿ ಎನ್ನುವವು ಕೆಲವು. ಮರದ ಬುಡದ ಮಾತು ಮಾತ್ರ ಎರಡರಲ್ಲೂ ಇರುವುದಿಲ್ಲ. ಬಿದ್ದ ಮರದ ಚಿತ್ರವನ್ನು ಇನ್ನೊಮ್ಮೆ ನೋಡಿ. ಮೇಲೆದ್ದ ಬೇರಿನ ಒಂದು ಬದಿಯಲ್ಲಿ ಉದ್ದುದ್ದ ಬೇರುಗಳು ಜೋತಾಡುತ್ತಿದ್ದರೆ, ಇನ್ನೊಂದು ಬದಿಯಲ್ಲಿ ಮೋಟು ಬೇರುಗಳು ಒಂದೇ ಗೆರೆಗೆ ತುಂಡಾಗಿರುವುದು ಎಷ್ಟೋ ಸಲ ಕಾಣುತ್ತದೆ. ಆ ಗೆರೆ ಚರಂಡಿಯದ್ದೋ, ಕೇಬಲ್ ಕಾಲುವೆಯದ್ದೋ, ಕಾಂಪೌಂಡ್ ಪಾಯದ್ದೋ ಆಗಿರುತ್ತದೆ. ಕಡಿದ ತುದಿಗಳು ಕಪ್ಪಾಗಿ ಕೊಳೆತಿದ್ದರೆ, ಆ ಗಾಯ ಮೊನ್ನೆಯದಲ್ಲ, ಕೆಲವು ವರ್ಷಗಳಷ್ಟು ಹಳೆಯದು ಎಂದು ಲೆಕ್ಕ.

ದೊಡ್ಡ ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂಬ ನಂಬಿಕೆಯೇ ಈ ಅನಾಹುತದ ಮೂಲ. ಸಸಿಯಲ್ಲಿ ತಾಯಿಬೇರು ನೇರ ಕೆಳಗಿಳಿಯುವುದು ನಿಜ. ಆದರೆ ಬೇರಿಗೂ ಉಸಿರಾಟಕ್ಕೆ ಗಾಳಿ ಬೇಕು, ಅದು ಸಿಗುವುದು ಮೇಲ್ಮಣ್ಣಿನಲ್ಲಿ. ಹಾಗಾಗಿ ಬೆಳೆದ ಮರದ ಬಹುಪಾಲು ಬೇರುಗಳು ಮೇಲಿನ ಎರಡು-ಮೂರು ಅಡಿ ಮಣ್ಣಿನಲ್ಲೇ ಅಡ್ಡಡ್ಡ ಹರಡಿ, ರೆಂಬೆಯ ನೆರಳನ್ನೂ ದಾಟಿ ಹೋಗಿರುತ್ತವೆ. ‘ಮೇಲೆ ಮೇಲೆ ಎರಡಡಿ ಅಗೀತೀವಿ ಸಾರ್, ಮರಕ್ಕೇನೂ ಆಗಲ್ಲ’ ಎಂದು ಮೇಸ್ತ್ರಿ ಹೇಳಿದರೆ, ಅವರು ಅಗೆಯಲು ಹೊರಟಿರುವುದು ಸರಿಯಾಗಿ ಬೇರು ಇರುವ ಜಾಗವನ್ನೇ.

ಅಗೆಯುವ ಮುನ್ನ ಒಂದು ಅಳತೆ ಮಾಡಿಕೊಳ್ಳಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದು ಅದನ್ನು 3.14ರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಸುತ್ತಳತೆ 75 ಇಂಚು ಬಂದರೆ ದಪ್ಪ ಸುಮಾರು ಎರಡಡಿ. ಈ ದಪ್ಪದ ಮೂರು ಪಟ್ಟು, ಅಂದರೆ ಬುಡದಿಂದ ಆರಡಿಯೊಳಗೆ ಇರುವುದು ಮರವನ್ನು ನಿಲ್ಲಿಸಿರುವ ಬೇರುಗಳು. ಅಲ್ಲಿ ಹಾರೆ, ಗುದ್ದಲಿ, ಜೆಸಿಬಿ ಯಾವುದೂ ಬೇಡ. ಹನ್ನೆರಡು ಪಟ್ಟು, ಅಂದರೆ 24 ಅಡಿಯವರೆಗೆ ಇರುವುದು ಮರವನ್ನು ಸಾಕುವ ಬೇರುಗಳ ಮುಖ್ಯ ಭಾಗ. 30-40 ಸೈಟಿನಲ್ಲಿ 24 ಅಡಿಯ ವೃತ್ತ ಎಳೆದರೆ ಅರ್ಧ ಮನೆಯೇ ಅದರೊಳಗೆ ಬರುತ್ತದೆ, ಆದ್ದರಿಂದ ಅದನ್ನು ಪೂರ್ತಿ ಬಿಡಿ ಎಂದರೆ ಯಾರಿಂದಲೂ ಆಗದು. ಆ ವಲಯದಲ್ಲಿ ಕೈಯಿಂದಲೇ ಅಗೆಯಬೇಕು. ಹೆಬ್ಬೆರಳಿಗಿಂತ ಸಣ್ಣ ಬೇರನ್ನು ಹರಿತವಾದ ಗರಗಸದಿಂದ ನೀಟಾಗಿ ಕೊಯ್ಯಬಹುದು, ಅದಕ್ಕಿಂತ ದಪ್ಪದ್ದನ್ನು ಉಳಿಸಿಕೊಂಡು ಪೈಪನ್ನು ಅದರ ಅಡಿಯಲ್ಲಿ ತೂರಿಸಬೇಕು. ತೆರೆದ ಬೇರಿಗೆ ಒದ್ದೆ ಗೋಣಿಚೀಲ ಹೊದಿಸಿ, ಸಾಧ್ಯವಾದಷ್ಟೂ ಅದೇ ದಿನ ಮಣ್ಣು ಮುಚ್ಚಬೇಕು. ಜೆಸಿಬಿಯ ಹಲ್ಲು ಬೇರನ್ನು ಕತ್ತರಿಸುವುದಿಲ್ಲ, ಜಗ್ಗಿ ಸೀಳುತ್ತದೆ. ಆ ಸೀಳು ಬುಡದವರೆಗೂ ಹೋಗುತ್ತದೆ, ಕೊಳೆ ಅಲ್ಲಿಂದ ಹೊಕ್ಕುತ್ತದೆ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಎಷ್ಟೋ ಕಡೆ ಮರ ಮೊದಲು ಬಂದಿದೆ, ಈಗಿನ ಮನೆ ಆಮೇಲೆ. 1980ರ ದಶಕದಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ನಗರದ ಬೀದಿಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಲಾಯಿತು. ಆಗ ಮುಂದೆ ಅಂಗಳವಿದ್ದ ಒಂದಂತಸ್ತಿನ ಮನೆಗಳಿದ್ದವು. ಈಗ ಅದೇ ಸೈಟಿನಲ್ಲಿ ನಾಲ್ಕಂತಸ್ತು ಎದ್ದು, ಬಾಲ್ಕನಿ ರಸ್ತೆಯವರೆಗೆ ಚಾಚಿಕೊಂಡಿದೆ. ಬಾಲ್ಕನಿಯೇ ರೆಂಬೆಯ ಒಳಗೆ ಹೊಕ್ಕ ಮೇಲೆ ‘ಮರ ಮನೆ ಮೇಲೆ ಬಂದಿದೆ’ ಎಂದು ಅರ್ಜಿ ಹಾಕುವುದನ್ನು ಕಂಡರೆ ನಗು ಬರುತ್ತದೆ.

ಬೇರು ಪಾಯವನ್ನು ಒಡೆಯುತ್ತದೆಯೇ? ಮರಕ್ಕಿಂತ ಮಣ್ಣನ್ನು ಕೇಳಿ ಹೇಳಬೇಕಾದ ಉತ್ತರ ಇದು. ಬೆಂಗಳೂರು, ಮೈಸೂರು, ಕೋಲಾರದ ಕೆಂಪುಮಣ್ಣು ಒಣಗಿದರೂ ನೆನೆದರೂ ಹೆಚ್ಚು ಕುಗ್ಗಿ ಹಿಗ್ಗುವುದಿಲ್ಲ. ನಾಲ್ಕು-ಐದು ಅಡಿ ಆಳದ ಸೈಜುಗಲ್ಲಿನ ಪಾಯವನ್ನೋ ಪಿಲ್ಲರ್ ಫುಟಿಂಗನ್ನೋ ಬೇರು ಎತ್ತುವುದು ಅಪರೂಪ. ಗಟ್ಟಿ ಅಡ್ಡಿ ಸಿಕ್ಕಿದರೆ ಬೇರು ಪಕ್ಕಕ್ಕೆ ಹೊರಳಿಕೊಳ್ಳುತ್ತದೆ. ಎದ್ದು ಬಿರಿಯುವುದು ಹಗುರ ಕಟ್ಟಡಗಳು: ಒಂದಡಿ ಪಾಯದ ಕಾಂಪೌಂಡ್ ಗೋಡೆ, ಮೆಟ್ಟಿಲು, ಅಂಗಳದ ಕಾಂಕ್ರೀಟು, ಫುಟ್‌ಪಾತ್ ಚಪ್ಪಡಿ. ಅದೂ ಬುಡದ ಹತ್ತಿರ, ಬೇರು ವರ್ಷ ವರ್ಷ ದಪ್ಪವಾಗುವಲ್ಲಿ.

ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನ ಕಥೆಯೇ ಬೇರೆ. ಅಲ್ಲಿ ಬೇರು ಗೋಡೆಯನ್ನು ಮುಟ್ಟಬೇಕಾಗಿಯೇ ಇಲ್ಲ. ಬೇಸಿಗೆಯಲ್ಲಿ ಮರ ಪಾಯದ ಅಡಿಯ ತೇವ ಹೀರಿದರೆ ಮಣ್ಣು ಕುಗ್ಗಿ ಮನೆಯ ಆ ಮೂಲೆ ಕೂರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುವ, ಮೇಲೆ ಅಗಲ ಕೆಳಗೆ ಸಣ್ಣ ಇರುವ ಬಿರುಕು ಇದರ ಗುರುತು. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಳತೆ ಮತ್ತು ತಾರೀಖನ್ನು ಗೋಡೆಯ ಮೇಲೇ ಬರೆದು, ತಿಂಗಳಿಗೊಮ್ಮೆ ಒಂದು ವರ್ಷ ಅಳೆಯಿರಿ. ಬೇಸಿಗೆಗೆ ತೆರೆದು ಮಳೆಗಾಲಕ್ಕೆ ಕೂಡಿಕೊಂಡರೆ ಮಣ್ಣಿನ ತೇವದ ಆಟ. ಅದರಲ್ಲಿ ಮರದ ಪಾಲಿರಬಹುದು. ಕಾಲ ಯಾವುದಾದರೂ ಅಗಲವಾಗುತ್ತಲೇ ಹೋದರೆ ಕಾರಣ ಬೇರೆ ಕಡೆ ಹುಡುಕಬೇಕು: ಒಡೆದ ನೀರಿನ ಪೈಪು, ಪಕ್ಕದ ಸೈಟಿನ ಬೇಸ್‌ಮೆಂಟ್, ಮಣ್ಣು ತುಂಬಿಸಿದ ಜಾಗದ ಮೇಲಿನ ಪಾಯ. ಪ್ಲಾಸ್ಟರ್ ಮೇಲಿನ ಕೂದಲೆಳೆ ಬಿರುಕಿಗೆ ಮರವನ್ನು ದೂರಿ ಪ್ರಯೋಜನವಿಲ್ಲ. ಅವು ಸಿಮೆಂಟು ಒಣಗುವಾಗ ಬಿಟ್ಟವು.

ಎರೆಮಣ್ಣಿನಲ್ಲಿ ಇನ್ನೊಂದು ತಿರುವು ಇದೆ, ಇದನ್ನು ಎಂಜಿನಿಯರುಗಳೂ ಮರೆಯುವುದುಂಟು. ಮನೆಗಿಂತ ಮರ ಹಳೆಯದಾಗಿದ್ದು, ಅದನ್ನು ಒಮ್ಮೆಲೇ ಕಡಿದರೆ, ವರ್ಷಗಟ್ಟಲೆ ಒಣಗಿದ್ದ ಮಣ್ಣು ಮತ್ತೆ ನೀರು ಕುಡಿದು ಉಬ್ಬುತ್ತದೆ, ನೆಲಹಾಸು ಮೇಲೇಳುತ್ತದೆ. ಬಿರುಕು ನಿಲ್ಲಲೆಂದು ಮರ ತೆಗೆಸಿದವರ ಮನೆಯಲ್ಲಿ ಹೊಸ ಬಿರುಕು ಹುಟ್ಟುವುದು ಹೀಗೆ. ಮನೆ ಕಟ್ಟಿದ ಮೇಲೆ ಬೆಳೆದ ಮರವಾಗಿದ್ದರೆ ಈ ಭಯ ಕಡಿಮೆ. ಅಂಥ ನೆಲದಲ್ಲಿ ಹೊಸದಾಗಿ ಕಟ್ಟುವವರು ಮರವನ್ನು ಉಳಿಸಿಕೊಳ್ಳಬೇಕೆಂದಿದ್ದರೆ ಅಂಡರ್‌ರೀಮ್ಡ್ ಪೈಲ್ ಹಾಕಿಸುವುದು ಸರಿ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಈ ಮಣ್ಣಿಗೆಂದೇ ರೂಪಿಸಿದ ಪಾಯ ಅದು. ಬುಡದಲ್ಲಿ ಉಬ್ಬಿರುವ ಕಂಬ ತೇವ ಏರಿಳಿಯದ ಆಳಕ್ಕೆ ಇಳಿದು ನಿಲ್ಲುತ್ತದೆ.

ಕಾಂಪೌಂಡ್ ಗೋಡೆಗೆ ಪರಿಹಾರ ಸುಲಭ, ಆದರೆ ಮಾಡಿಸುವವರು ಕಡಿಮೆ. ಬೇರು ಹಾದುಹೋಗುವ ಕಡೆ ಪಾಯವನ್ನೇ ಕಟ್ಟಬೇಡಿ. ಬೇರಿನ ಎರಡೂ ಬದಿಗೆ, ದಪ್ಪ ಬೇರು ಸಿಗದ ಜಾಗ ನೋಡಿ ಒಂದೊಂದು ಕಂಬ ಇಳಿಸಿ, ನಡುವೆ ನೆಲಮಟ್ಟದಲ್ಲಿ ಆರ್‌ಸಿಸಿ ಬೀಮ್ ಕೂರಿಸಿ, ಅದರ ಮೇಲೆ ಗೋಡೆ ಏರಿಸಿ. ಬೀಮಿನ ಅಡಿಗೂ ಬೇರಿನ ಬೆನ್ನಿಗೂ ನಡುವೆ ಕನಿಷ್ಠ ನಾಲ್ಕು ಇಂಚು ಖಾಲಿ ಇರಲಿ. ಕಾಂಕ್ರೀಟ್ ಸುರಿಯುವಾಗ ಅಲ್ಲಿ ಥರ್ಮಾಕೋಲ್ ಇಟ್ಟರೆ ಸಾಕು, ಮುಂದೆ ಬೇರು ದಪ್ಪವಾದಾಗ ಅದೇ ಅಮುಕಿಕೊಳ್ಳುತ್ತದೆ. ಕಾಂಡವೇ ಗೋಡೆಗೆ ಒತ್ತಿದ್ದರೆ ಅಷ್ಟಗಲ ಗೋಡೆ ಬಿಟ್ಟು ಕಬ್ಬಿಣದ ಸರಳಿನ ಜಾಲರಿ ಹಾಕಿ. ಸರಳು ಕಾಂಡವನ್ನು ಮುಟ್ಟಬಾರದು, ಮುಟ್ಟಿದರೆ ತೊಗಟೆ ಅದನ್ನು ನುಂಗಿಬಿಡುತ್ತದೆ.

ಒಳಚರಂಡಿಯ ವಿಷಯದಲ್ಲಿ ಮರ ನಿಜವಾಗಿಯೂ ತೊಂದರೆ ಕೊಡುತ್ತದೆ, ಆದರೆ ಬಾಗಿಲು ತೆರೆದುಕೊಟ್ಟದ್ದು ನಾವೇ. ಬೇರು ಗಟ್ಟಿ ಪೈಪನ್ನು ಕೊರೆಯುವುದಿಲ್ಲ. ಹಳೆಯ ಸ್ಟೋನ್‌ವೇರ್ ಪೈಪುಗಳ ಸಿಮೆಂಟ್ ಜಾಯಿಂಟ್ ಬಿರಿದು ನೀರು ಜಿನುಗುತ್ತಿದ್ದರೆ ದಾರದಷ್ಟು ಸಣ್ಣ ಬೇರು ಅಲ್ಲಿ ತೂರಿ, ಒಳಗೆ ತೆಂಗಿನ ನಾರಿನ ಮುದ್ದೆಯಂತೆ ಬೆಳೆಯುತ್ತದೆ. ರಾಡ್ ಹಾಕಿ ಎಳೆಸಿದರೆ ದಾರಿ ಬಿಡುತ್ತದೆ, ಜಾಯಿಂಟು ಹಾಗೇ ಇರುವುದರಿಂದ ಬೇರು ಮತ್ತೆ ಬರುತ್ತದೆ. ಆಸಿಡ್ ಸುರಿದರೆ ಬೇರಿನ ಜೊತೆಗೆ ಸಿಮೆಂಟೂ ತಿಂದುಹೋಗಿ ಸಂದು ಇನ್ನಷ್ಟು ದೊಡ್ಡದಾಗುತ್ತದೆ. ಎರಡು ಚೇಂಬರ್ ನಡುವಿನ ಸಾಲನ್ನೇ ರಬ್ಬರ್ ರಿಂಗ್ ಇರುವ ಪಿವಿಸಿ ಪೈಪಿಗೆ ಬದಲಿಸಿ, ಚೇಂಬರಿನ ಒಳಗೋಡೆಗೆ ಪ್ಲಾಸ್ಟರ್ ಮಾಡಿಸುವುದೇ ಉಳಿಯುವ ಕೆಲಸ. ಸಂಪಿನೊಳಗೆ ಕೂದಲಿನಂಥ ಬೇರು ಕಂಡರೆ ಸಂಪು ಸೋರುತ್ತಿದೆ ಎಂದೇ ಅರ್ಥ. ಬೇರನ್ನಷ್ಟೇ ಕಿತ್ತು ಸುಮ್ಮನಾಗಬೇಡಿ. ಆ ಸಂದಿನಿಂದ ಹೊರಗಿನ ಕೊಳಕು ನೀರೂ ಒಳಗೆ ಬರುತ್ತದೆ.

ಪ್ಯಾರಾಪೆಟ್ ಮೇಲೆ, ಸಜ್ಜೆಯ ಸಂದಿನಲ್ಲಿ ಹುಟ್ಟುವ ಅರಳಿ, ಬಸರಿ ಸಸಿಗಳ ಬಗ್ಗೆ ಎರಡು ಮಾತು. ಎರಡೆಲೆ ಇರುವಾಗಲೇ ಕೀಳಿ. ಗಿಡ ಮುರಿದು ಬೇರು ಉಳಿದರೆ ಮತ್ತೆ ಚಿಗುರುತ್ತದೆ, ಆಗ ಸಂದಿನ ಗಾರೆಯನ್ನು ಕೆತ್ತಿ ಬೇರನ್ನು ಪೂರ್ತಿ ಎಳೆದು ಹೊಸ ಗಾರೆ ತುಂಬಬೇಕು. ಉಪ್ಪು ಸುರಿಯುವವರಿದ್ದಾರೆ. ಗೋಡೆಯೊಳಗಿನ ಕಂಬಿಗೆ ಅರಳಿ ಬೇರಿಗಿಂತ ಆ ಉಪ್ಪೇ ದೊಡ್ಡ ಶತ್ರು.

ಇನ್ನು ರೆಂಬೆ. ಮಚ್ಚಿನಿಂದ ಎಲ್ಲೆಂದರಲ್ಲಿ ಕೊಚ್ಚುವುದನ್ನೇ ನಮ್ಮಲ್ಲಿ ‘ಟ್ರಿಮ್ಮಿಂಗ್’ ಎನ್ನುತ್ತಾರೆ. ದಪ್ಪ ರೆಂಬೆಯನ್ನು ಮೂರು ಕೊಯ್ತದಲ್ಲಿ ಇಳಿಸಬೇಕು. ಮೊದಲನೆಯದು ಕಾಂಡದಿಂದ ಒಂದು-ಒಂದೂವರೆ ಅಡಿ ಆಚೆ, ರೆಂಬೆಯ ಅಡಿಯಿಂದ ಮೇಲಕ್ಕೆ, ದಪ್ಪದ ಮೂರನೇ ಒಂದು ಭಾಗದಷ್ಟು. ಎರಡನೆಯದು ಅದಕ್ಕಿಂತ ಎರಡು-ಮೂರು ಇಂಚು ಹೊರಗೆ, ಮೇಲಿನಿಂದ ಕೆಳಕ್ಕೆ. ಆಗ ರೆಂಬೆ ಮುರಿದು ಬೀಳುವಾಗ ತೊಗಟೆ ಕಾಂಡದವರೆಗೆ ಸಿಪ್ಪೆಯಾಗಿ ಹರಿಯುವುದಿಲ್ಲ. ಉಳಿದ ಮೋಟನ್ನು ಮೂರನೇ ಕೊಯ್ತದಲ್ಲಿ ತೆಗೆಯಬೇಕು. ಎಲ್ಲಿ ಎಂಬುದೇ ಮುಖ್ಯ. ರೆಂಬೆ ಕಾಂಡಕ್ಕೆ ಸೇರುವಲ್ಲಿ ತೊಗಟೆ ಸುಕ್ಕುಗಟ್ಟಿ, ಬಳೆಯ ಹಾಗೆ ಉಬ್ಬಿರುತ್ತದೆ. ಆ ಉಬ್ಬನ್ನು ಬಿಟ್ಟು, ಅದರ ಹೊರಅಂಚಿಗೆ ಸರಿಯಾಗಿ ಕೊಯ್ಯಬೇಕು. ಗಾಯ ಮುಚ್ಚುವ ಹೊಸ ಅಂಗಾಂಶ ಅಲ್ಲಿಂದಲೇ ಬೆಳೆಯುತ್ತದೆ. ಕಾಂಡಕ್ಕೆ ಸಮನಾಗಿ ಸವರಿದರೆ ಗಾಯ ದೊಡ್ಡದಾಗುತ್ತದೆ, ಒಂದಡಿ ಮೋಟು ಬಿಟ್ಟರೆ ಅದು ಒಣಗಿ ಕೊಳೆಯನ್ನು ಒಳಗೆ ಕರೆಯುತ್ತದೆ. ಟಾರು, ಪೇಂಟು, ಸಗಣಿ, ಸಿಮೆಂಟು ಯಾವುದನ್ನೂ ಬಳಿಯಬೇಡಿ. ಮರ ತನ್ನ ಗಾಯದ ಹಿಂದೆ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ, ಬಳಿದದ್ದು ತೇವವನ್ನು ಹಿಡಿದಿಡುತ್ತದೆ ಅಷ್ಟೆ.

ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು, ಮುದಿ ಮರವಾದರೆ ಅದಕ್ಕೂ ಕಡಿಮೆ. ಎತ್ತರ ತಗ್ಗಿಸಲು ನೆತ್ತಿಯನ್ನೇ ಕತ್ತರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಮೋಟಿನ ಸುತ್ತ ಪೊರಕೆ ಕಡ್ಡಿಗಳಂತೆ ಎದ್ದ ಚಿಗುರುಗಳು ನಾಲ್ಕೈದು ವರ್ಷದಲ್ಲಿ ದಪ್ಪ ರೆಂಬೆಗಳಾಗುತ್ತವೆ, ಆದರೆ ಅವು ತೊಗಟೆಯ ಅಡಿಯಿಂದ ಹುಟ್ಟಿದವು, ಒಳಮರಕ್ಕೆ ನಾಟಿರುವುದಿಲ್ಲ. ಮಾಳಿಗೆ ಮೇಲೆ ಬೀಳುವುದು ಬಹಳ ಸಲ ಅವೇ. ಇನ್ನೊಂದು ಬಗೆಯ ತಪ್ಪು ನಮ್ಮ ಬೀದಿಗಳಲ್ಲಿ ದಿನವೂ ಕಾಣುತ್ತದೆ: ತಂತಿಯ ಕಡೆಯ ರೆಂಬೆಗಳನ್ನು ವಿದ್ಯುತ್ ಕಂಪನಿಯವರು (ಎಸ್ಕಾಂ) ಸವರುತ್ತಾರೆ, ಇನ್ನೊಂದು ಪಕ್ಕ ಹಾಗೇ ಉಳಿಯುತ್ತದೆ. ಭಾರವೆಲ್ಲ ಮನೆಯ ಕಡೆಗೆ ವಾಲುತ್ತದೆ. ಒಂದು ಬದಿ ತೆಗೆದಾಗ ಎದುರು ಬದಿಯ ರೆಂಬೆಗಳ ತುದಿಯನ್ನೂ ಒಳಗಿನ ಕವಲು ಒಡೆಯುವ ಜಾಗದವರೆಗೆ ಕೊಯ್ದು ಹಗುರ ಮಾಡಬೇಕು. ತಾರಸಿ, ಹೆಂಚಿನಿಂದ ಐದಾರು ಅಡಿ ಅಂತರ ಸಿಕ್ಕರೆ ಇಲಿ, ಅಳಿಲು ನೇರ ಮನೆಗೆ ಇಳಿಯುವುದೂ ನಿಲ್ಲುತ್ತದೆ. ಇದಕ್ಕೆಲ್ಲ ಜನವರಿ-ಫೆಬ್ರುವರಿ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ಗಾಬರಿಗೆ ಬಿದ್ದು ಕೊಚ್ಚಿಸಬೇಡಿ. ಕೊಯ್ಯುವ ಮೊದಲು ಗೂಡು ಇದೆಯೇ ನೋಡಿ. ತಂತಿ ಹತ್ತಿರವಿದ್ದರೆ ಸ್ವಂತ ಆಳನ್ನು ಹತ್ತಿಸಲೇಬೇಡಿ: ಹಸಿ ರೆಂಬೆಯಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ಲೈನ್ ಆಫ್ ಮಾಡಿಸಿದ ಮೇಲೆಯೇ ಕೆಲಸ.

ಜಾತಿಯನ್ನೂ ನೋಡಬೇಕು. ಮಡಗಾಸ್ಕರ್ ಮೂಲದ ಗುಲ್‌ಮೊಹರಿನ ಮರ ಮೆದು, ಬೇರು ಮೇಲುಮೇಲೆ. ಮನೆಗೆ ಹತ್ತಿರವಿದ್ದರೆ ವರ್ಷಕ್ಕೊಮ್ಮೆ ತಪಾಸಣೆ ಬೇಕೇ ಬೇಕು. ಮಳೆಮರದ ರೆಂಬೆ ಅಡ್ಡಕ್ಕೆ ಬಹುದೂರ ಚಾಚುವುದರಿಂದ ಅದರ ತುದಿಭಾರ ಹೆಚ್ಚು. ಹೊಂಗೆ, ಬೇವು ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ. ಪಶ್ಚಿಮಕ್ಕೆ ಒಂದು ಹೊಂಗೆಯಿದ್ದರೆ ಬೇಸಿಗೆಯ ಸಂಜೆ ಗೋಡೆ ಕಾಯುವುದು ಎಷ್ಟು ಕಡಿಮೆ ಎಂದು ಕೈಯಿಟ್ಟು ನೋಡಬಹುದು. ತೆಂಗಿನ ಮೇಲೆ ಪಾಯ ಒಡೆಯುವ ಆರೋಪ ಹೊರಿಸಬೇಡಿ: ಅದರ ಬೇರುಗಳು ಪೆನ್ಸಿಲಿನಷ್ಟಿದ್ದು ಅಷ್ಟಕ್ಕೇ ನಿಲ್ಲುತ್ತವೆ, ದಪ್ಪವಾಗುವುದಿಲ್ಲ. ತೆಂಗಿನ ಅಪಾಯ ಮೇಲಿರುವುದು. ಒಂದೂವರೆ ತಿಂಗಳಿಗೊಮ್ಮೆ ಕಾಯಿ, ಒಣಗರಿ ಇಳಿಸಬೇಕು, ಆಗದಿದ್ದರೆ ಗೊನೆಯ ಅಡಿಗೆ ನೈಲಾನ್ ಬಲೆ ಕಟ್ಟಿಸಬೇಕು. ಎತ್ತರವಾಯಿತೆಂದು ತಲೆ ಕಡಿದರೆ ಮರವೇ ಸಾಯುತ್ತದೆ, ಅದಕ್ಕಿರುವುದು ಒಂದೇ ಕುಡಿ. ಸುಳಿ ವಾಲಿ, ಕಾಂಡದ ರಂಧ್ರದಿಂದ ಕಂದು ರಸ ಸುರಿದು, ಅಗಿದ ನಾರು ಹೊರಬರುತ್ತಿದ್ದರೆ ಕೆಂಪು ಮೂತಿ ಹುಳು ಹೊಕ್ಕಿದೆ. ಅಂಥ ತೆಂಗು ಗಾಳಿಯಿಲ್ಲದೆಯೂ ಕುಸಿಯಬಹುದು.

ಯಾವ ಮರ ತೆಗೆಯಲೇಬೇಕು? ಬುಡದಲ್ಲಿ ಬಿಲ್ಲೆ ಬಿಲ್ಲೆಯಾಗಿ ಗಟ್ಟಿ ಅಣಬೆ ಎದ್ದಿದ್ದರೆ ಒಳಗೆ ಬೇರು ಕೊಳೆಯುತ್ತಿದೆ. ಮೊದಲು ನೆಟ್ಟಗಿದ್ದ ಮರ ಈಚೆಗೆ ವಾಲಿ, ವಾಲಿದ್ದಕ್ಕೆ ಎದುರು ಬದಿಯ ಮಣ್ಣು ಬಿರಿದು ಎದ್ದಿದ್ದರೆ ಒಂದು ಮಳೆಯನ್ನೂ ಕಾಯಬಾರದು. ಹುಟ್ಟಿನಿಂದಲೇ ವಾಲಿ, ತುದಿ ಮತ್ತೆ ನೆಟ್ಟಗೆ ತಿರುಗಿಕೊಂಡ ಮರದ ಮಾತು ಬೇರೆ. ಅದು ಆ ವಾಲುವಿಕೆಗೆ ತಕ್ಕಂತೆ ಬೇರು ಕಟ್ಟಿಕೊಂಡಿರುತ್ತದೆ. ಎರಡು ಕಾಂಡ ಇಕ್ಕಟ್ಟಾಗಿ ಸೇರುವ ಕವಲಿನಲ್ಲಿ ತೊಗಟೆ ಒಳಗೆ ಸಿಕ್ಕಿಕೊಂಡು ಬಿರುಕು ಕಂಡರೆ ಅದು ಸೀಳುವ ಜಾಗ. ಪೊಟರೆ ಇದ್ದ ಮಾತ್ರಕ್ಕೆ ಮರಣದಂಡನೆ ಬೇಡ. ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಪೊಳ್ಳು ಶಬ್ದ ಬರುವಲ್ಲಿ ಗುರುತು ಹಾಕಿ. ಸುತ್ತ ಉಳಿದ ಗಟ್ಟಿ ಮರದ ದಪ್ಪ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಚಿಂತಿಸಬೇಕು. ಪೊಟರೆಗೆ ಕಾಂಕ್ರೀಟ್ ತುಂಬಿಸುವ ಹಳೆಯ ರೂಢಿಯಿಂದ ಉಪಯೋಗವಿಲ್ಲ: ಗಾಳಿಗೆ ಮರ ಬಾಗುತ್ತದೆ, ಕಾಂಕ್ರೀಟು ಬಾಗುವುದಿಲ್ಲ.

ಕಾನೂನು ಹೇಳುವುದಿಷ್ಟು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಕಾಂಪೌಂಡಿನ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಜೀವಕ್ಕೆ, ಆಸ್ತಿಗೆ ಅಪಾಯ ಎಂಬುದು ಅನುಮತಿಗೆ ಒಪ್ಪುವ ಕಾರಣ, ಆದರೆ ‘ಎಲೆ ಉದುರಿ ಕಸವಾಗುತ್ತದೆ’ ಎಂಬುದಲ್ಲ. ಕಡಿದವರು ಬದಲಿ ಗಿಡ ನೆಡಲೇಬೇಕು. ಅರ್ಜಿಯಲ್ಲಿ ಜಾತಿ, ಸುತ್ತಳತೆ, ಗೋಡೆಯಿಂದ ದೂರ, ನಾಲ್ಕೂ ಬದಿಯ ಫೋಟೊ, ಬಿರುಕಿನ ತಿಂಗಳುವಾರು ಅಳತೆ ಇದ್ದರೆ ಪರಿಶೀಲನೆಗೆ ಬಂದವರಿಗೆ ತೀರ್ಮಾನ ಸುಲಭ. ಪಕ್ಕದವರ ಮರದ ರೆಂಬೆ ನಿಮ್ಮ ಕಡೆ ಬಂದಿದ್ದರೆ ರಾತ್ರೋರಾತ್ರಿ ಕೊಚ್ಚಬೇಡಿ. ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಂಡು, ವೃಕ್ಷ ಅಧಿಕಾರಿಯ ಕಡೆಯಿಂದಲೇ ಮಾಡಿಸಿ. ಬುಡಕ್ಕೆ ಆಸಿಡ್ ಸುರಿಯುವವರಿಗೆ ಒಂದು ಮಾತು: ಸತ್ತು ನಿಂತ ಮರ ಬದುಕಿದ ಮರಕ್ಕಿಂತ ಬೇಗ ಬೀಳುತ್ತದೆ, ಬೀಳುವುದು ನಿಮ್ಮ ಮನೆ ಮೇಲೆಯೇ.

ಪಾಲಿಕೆಗಳಿಂದ ನಾವು ಕೇಳುವುದು ಮೂರು ಕೆಲಸ. ರಸ್ತೆ ಅಗೆಯಲು ಅನುಮತಿ ಕೊಡುವ ಮೊದಲು ಅರಣ್ಯ ವಿಭಾಗದವರು ಪ್ರತಿ ಮರದ ಸುತ್ತ ಮೇಲೆ ಹೇಳಿದಂತೆ ಕಾಂಡದ ದಪ್ಪದ ಮೂರು ಪಟ್ಟು ದೂರದ ಗೆರೆಯನ್ನು ಸುಣ್ಣದಲ್ಲಿ ಎಳೆಯಲಿ, ಅದರೊಳಗೆ ಯಂತ್ರ ಬರದಿರಲಿ. ರೆಂಬೆ ಸವರುವ ಗುತ್ತಿಗೆದಾರರ ಆಳುಗಳಿಗೆ ಮೂರು ಕೊಯ್ತದ ತರಬೇತಿ ಕೊಟ್ಟು, ಎಲ್ಲಿ ಕೊಯ್ಯಬೇಕೆಂದು ಮೊದಲೇ ಬಣ್ಣದ ಗುರುತು ಹಾಕಲಿ. ಮೂರನೆಯದು, ಕಾಂಡದವರೆಗೆ ಸುರಿದಿರುವ ಕಾಂಕ್ರೀಟನ್ನು ಒಡೆಯಲಿ. ದೆಹಲಿಯ ಮರಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಜಾಗ ಬಿಡಬೇಕೆಂದು ಆದೇಶಿಸಿದೆ. ಮನೆಯವರೂ ತಮ್ಮ ಗೇಟಿನ ಮುಂದೆ ಇದನ್ನೇ ಮಾಡಬಹುದು: ಬುಡದ ಸುತ್ತ ಬರೀ ಮಣ್ಣು, ಅದರಾಚೆ ಮರಳಿನ ಮೇಲೆ ಕೂರಿಸಿದ ಇಂಟರ್‌ಲಾಕ್ ಇಟ್ಟಿಗೆ. ಮಣ್ಣನ್ನು ಬುಡಕ್ಕೆ ಏರಿಹಾಕಬೇಡಿ, ತೊಗಟೆ ಕೊಳೆಯುತ್ತದೆ.

ಅನುಮತಿ ಪಡೆದು ತೆಗೆಸಿದವರು ಬೊಡ್ಡೆಯನ್ನು ಗೋಡೆಯ ಪಕ್ಕ ಬಿಡಬೇಡಿ, ಅದು ಗೆದ್ದಲಿನ ಮನೆ. ಬದಲಿಗೆ ನೆಡುವಾಗ ಕರಿಬೇವು, ಪಾರಿಜಾತ, ನಿಂಬೆಗಳನ್ನು ಗೋಡೆಯಿಂದ ಏಳೆಂಟು ಅಡಿಗೆ, ಹೊಂಗೆಯನ್ನು ಹದಿನೈದಡಿಯಾಚೆ ನೆಡಬಹುದು. ಆಲ, ಅರಳಿ, ಮಳೆಮರಗಳಿಗೆ ಸಣ್ಣ ಸೈಟಿನಲ್ಲಿ ಜಾಗವಿಲ್ಲ.

ಕೊನೆಗೆ, ಮರ ಉಳಿಸಿಕೊಂಡವರು ವಿಮೆಯನ್ನೂ ನೋಡಿಕೊಳ್ಳಿ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬಿರುಗಾಳಿಯ ಹಾನಿಯೂ ಮರ ಬಿದ್ದು ಆಗುವ ಹಾನಿಯೂ ಸೇರಿದೆ. ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಅದರ ಮೇಲೆ ಬಿದ್ದ ಮರಕ್ಕೆ ಏನೂ ಸಿಗುವುದಿಲ್ಲ, ಸ್ವಂತ ಹಾನಿಯ ಭಾಗವೂ ಬೇಕು. ಮರ ಬಿದ್ದ ದಿನ, ತೆರವು ಮಾಡುವವರು ಗರಗಸ ಹಚ್ಚುವ ಮೊದಲೇ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಬೇರಿನ ತುಂಡಾದ ತುದಿಗಳ ಫೋಟೊ ಅದರಲ್ಲಿರಲಿ.

ಇಂತಿ,
ಕಟ್ಟಡ ಕೆಲಸ ಮತ್ತು ಮರಗಳ ನಿರ್ವಹಣೆಯಲ್ಲಿ ತೊಡಗಿರುವ ಓದುಗರು
ಬೆಂಗಳೂರು